ಮೂರನೇ ಕಿಂಡಿ

ತಿತಿಮತಿಯ ಆಫೀಸಿನಲ್ಲಿ ಕೂತು
ಮಾಲ್ದಾರೆಯ ಅಟ್ಟಣೆಯ ಮೇಲಿನ ಒಂದು ಡಬ್ಬಿಗೆ
ನಾನು ಬರೆಯುವ ಕಾಗದ ಬಲು ಚಿಕ್ಕದು:
ಹಬ್, ಕಿಂಡಿ ಮೂರು, ಆರು.
ಕೊನೆಗೊಂದು ಎಂಟರ್.
ನಾಲ್ಕೇ ಕಿಂಡಿಯ ಹಲಗೆಯಲ್ಲಿ
ಆರು ಎಲ್ಲಿಂದ ಬಂತು ಎನ್ನಬೇಡಿ,
ದೀಪ ಆರುವ ಆರು ಇದು.

ಕಪ್ಪು ಪರದೆ ಒಂದು ಉಸಿರು ತಡೆದು
ಸೊನ್ನೆ ಎನ್ನುತ್ತದೆ.
ಹತ್ತು ಎಣಿಸುತ್ತೇನೆ, ಬಾಯಲ್ಲೇ.
ಮತ್ತೆ: ಕಿಂಡಿ ಮೂರು, ಹೊತ್ತು.
ಒಂದು ಎನ್ನುತ್ತದೆ.
ಅಲ್ಲಿ, ಕೆರೆಯಂಚಿನ ಕತ್ತಲಲ್ಲಿ,
ಮಂಪರು ಹಿಡಿದಿದ್ದ ಕ್ಯಾಮೆರಾ
ಕಣ್ಣುಜ್ಜಿಕೊಂಡು ಏಳುತ್ತದೆ,
ಆನೆ ಬಂದರೆ ಹೇಳಲು.

ಈ ಹಲಗೆ ಸಿಗುವ ಮೊದಲು
ಗೋಣಿಕೊಪ್ಪದಿಂದ ಒಂದು, ವಿರಾಜಪೇಟೆಯಿಂದ ಎರಡು
ಹಬ್ ತಂದಿದ್ದೆ. ಮೂರೂ ಬರೀ ಹೂಂಗುಟ್ಟುವಂಥವು.
ಆರು ಎಂದರೆ ಆರಿದೆ ಎಂದವು,
ನೋಡಿದರೆ ಮೇಜಿನ ಮೇಲೆ
ಕೆಂಪು ಪೆನ್‌ಡ್ರೈವ್ ಮಿಣುಕುತ್ತಲೇ ಇತ್ತು.
ಮಾತು ಕೇಳುವುದು ಬೇರೆ,
ಕರೆಂಟು ಕಡಿಯುವುದು ಬೇರೆ.
ಈ ಹಸಿರು ಹಲಗೆಯಲ್ಲಿ ಮಾತ್ರ
ಕಿಂಡಿಗೊಂದು ನಿಜವಾದ ಸ್ವಿಚ್ಚು,
ಎಳ್ಳಿನಷ್ಟು ಗಾತ್ರ, ಎಳ್ಳಷ್ಟೂ ಸುಳ್ಳಿಲ್ಲ.

ಅದಕ್ಕೂ ಮೊದಲು ಚಾತ ಇದ್ದ.
ಈಗಲೂ ಇದ್ದಾನೆ, ಅದೇ ವಿಷಯ.
ಕ್ಯಾಮೆರಾ ಹೆಪ್ಪುಗಟ್ಟಿದಾಗೆಲ್ಲ
ಹಾಡಿಯಿಂದ ಎರಡು ಮೈಲಿ ನಡೆದು,
ಏಣಿ ಹತ್ತಿ, ವೈರು ಕಿತ್ತು,
ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಚುಚ್ಚಿ,
ಫೋನಿನಲ್ಲಿ "ಬಂತಾ ಮುತ್ತಕ್ಕಿ ಮೇಡಂ?" ಎನ್ನುವನು.
ಒಂದು ನಡಿಗೆಗೆ ನೂರೆಂಬತ್ತು ರೂಪಾಯಿ,
ವೋಚರಿನ ಮೇಲೆ ಅಂಕುಡೊಂಕು ಸಹಿ.
ಹಲಗೆ ಬಂದ ತಿಂಗಳು
ವೋಚರಿನ ಪುಸ್ತಕ ತೆರೆಯಲೇ ಇಲ್ಲ.
ಸಾಹೇಬರು "ಉಳಿತಾಯ" ಎಂದು ಬರೆದರು.
ನಾನು ಆ ಪದ ಓದಿ
ಕಾಫಿ ತಣ್ಣಗಾಗುವವರೆಗೆ ಕೂತೆ.

ಆಮೇಲೊಂದು ರಾತ್ರಿ, ಎರಡು ಗಂಟೆ,
ನಿದ್ದೆಗಣ್ಣಲ್ಲಿ ಮೂರರ ಬದಲು
ಬೆರಳು ಒಂದನ್ನು ಒತ್ತಿತು.
ಒಂದನೇ ಕಿಂಡಿಯಲ್ಲಿ ಇರುವುದು ಮೋಡೆಮ್.
ಕೂತ ಕೊಂಬೆ ಕಡಿದವನ ಕಥೆ ಗೊತ್ತಲ್ಲ,
ಅವನಿಗೆ ಬೀಳುವ ಸದ್ದಾದರೂ ಕೇಳಿತ್ತು.
ನನಗೆ ಸೊನ್ನೆಯೂ ಬರಲಿಲ್ಲ.
ಹೊತ್ತು ಎಂದೆ. ಹೊತ್ತು, ಹೊತ್ತು.
ಹೊತ್ತು ಹೋಯಿತು ಅಷ್ಟೆ.
ಆಜ್ಞೆ ಹೋಗುವ ದಾರಿಯನ್ನೇ
ಆಜ್ಞೆ ಮಾಡಿ ಮುಚ್ಚಿದ್ದೆ.

ಬೆಳಗಾದ ಮೇಲೆ, ಒಂಟಿ ಸಲಗ ಕೆರೆ ದಾಟಿದ ಮೇಲೆ,
ಚಾತ ಹೋದ.
ಅಡಾಪ್ಟರು ಕಿತ್ತು ಚುಚ್ಚಿದ.
"ಮೇಡಂ, ಡಬ್ಬಿಯೊಳಗೊಂದು ಹಲ್ಲಿ ಇದೆ.
ಹಲಗೆ ಎಲ್ಲಿ ಬೆಚ್ಚಗೋ ಅಲ್ಲಿ ಮಲಗೋದು.
ಇವತ್ತು ಒಂದರ ಹತ್ತಿರ ಇರಲಿಲ್ಲ,
ಅದಕ್ಕೇ ಗೊತ್ತಾಯ್ತು ಎಲ್ಲಿ ಸತ್ತಿದೆ ಅಂತ.
ಮೂರರ ಹತ್ತಿರವೂ ಮಲಗಲ್ಲ ಈಚೆಗೆ,
ನೀವು ಪದೇ ಪದೇ ಎಬ್ಬಿಸ್ತೀರಲ್ಲ."

ಆ ದಿನ ನಾಲ್ಕು ಸಾಲಿನ ಸ್ಕ್ರಿಪ್ಟು ಬರೆದೆ:
ಒಂದನ್ನು ಆರಿಸುವ ಮೊದಲೇ
ಹತ್ತು ಸೆಕೆಂಡು ಬಿಟ್ಟು ಹೊತ್ತಿಸು ಎಂದು
ಡಬ್ಬಿಯ ಕಿವಿಯಲ್ಲೇ ಹೇಳಿಡುವುದು.
ಬಾಗಿಲು ಹೊರಗಿನಿಂದ ಎಳೆದುಕೊಳ್ಳುವಾಗ
ಚಿಲಕ ತೆಗೆಯುವವರೊಬ್ಬರು ಒಳಗಿರಬೇಕು.

ಆಮೇಲೆ ವೋಚರಿನ ಪುಸ್ತಕ ತೆರೆದು
ವಾರಕ್ಕೊಂದು ನಡಿಗೆ ಬರೆದೆ.
ಕಾರಣದ ಕಾಲಮ್ಮಿನಲ್ಲಿ: ಹಲ್ಲಿ ತಪಾಸಣೆ.
ಸಾಹೇಬರು ಕನ್ನಡಕ ಮೇಲೇರಿಸಿ
"ಇದೇನ್ರೀ?" ಎಂದರು.
ಕೇಳಿದರೆ ಹಲಗೆ ಸೊನ್ನೆ ಅಥವಾ ಒಂದು ಎನ್ನುತ್ತದೆ ಸರ್,
ಬೆಚ್ಚಗಿದೆಯೋ ಇಲ್ಲವೋ ಹೇಳುವುದಿಲ್ಲ, ಎಂದೆ.

ಅವರು ಸಹಿ ಹಾಕುವ ಮೊದಲೇ,
ಶನಿವಾರ, ಚಾತನ ಫೋನು ಬಂತು:
"ನಾಲ್ಕರ ಮೇಲಿದೆ. ಮೊಟ್ಟೆ ಇಟ್ಟಿದೆ, ಎರಡು.
ನಾಲ್ಕನ್ನ ಸ್ವಲ್ಪ ದಿನ ಆರಿಸಬೇಡಿ."